ಕಾರಿನೊಳಗಿನ ದೀಪಕ್ಕೆ ಎಲ್‌ಇಡಿ: ಮನೆಯಲ್ಲೇ ಮಾಡಬಹುದಾದದ್ದು, ಮಾಡಬಾರದ್ದು

ಬಾಗಲಕೋಟೆ: ಬನದ ಹುಣ್ಣಿಮೆಯ ದಿನಗಳಲ್ಲಿ ಬಾದಾಮಿ ಸಮೀಪದ ಬನಶಂಕರಿ ಜಾತ್ರೆಗೆ ಹೋಗಿ, ರಾತ್ರಿಯಿಡೀ ನಾಟಕ ನೋಡಿ, ನಸುಕಿನಲ್ಲಿ ಊರಿಗೆ ಮರಳುವ ಕುಟುಂಬಗಳಿಗೆ ಕಾರಿನ ಛಾವಣಿಯ ಪುಟ್ಟ ದೀಪದ ಮಹತ್ವವನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ನಿದ್ದೆಗಣ್ಣಿನ ಮಗುವಿನ ಒಂದು ಚಪ್ಪಲಿ ಆಸನದ ಕೆಳಗೆ ಸೇರಿರುತ್ತದೆ. ಅಜ್ಜಿಯ ಮಾತ್ರೆಯ ಹೆಸರು ಓದಬೇಕಾಗಿರುತ್ತದೆ. ಆಗ ಹಳೆಯ ತಂತಿ ಬಲ್ಬಿನ ಮಬ್ಬು ಹಳದಿ ಬೆಳಕು ಸಾಲದಾಗಿ, ಎಲ್ಲರೂ ಮೊಬೈಲ್ ಫೋನಿನ ಟಾರ್ಚ್ ಹುಡುಕುತ್ತಾರೆ.

ಇಂತಹುದೇ ಒಂದು ಜಾತ್ರೆಯಿಂದ ಬೆಳಗಿನ ಜಾವ ಮರಳಿದಾಗ ಈ ವರದಿಗಾರನ ಹಳೆಯ ಕಾರಿನ ಹಿಂಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಒಳಗಿನ ದೀಪ ಹಗಲೆಲ್ಲ ಉರಿಯಿತು. ನವನಗರದ ಬಿಸಿಲಿನಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಸಂಜೆ ತುರ್ತಾಗಿ ಆಸ್ಪತ್ರೆಗೆ ಹೊರಡಬೇಕಾದಾಗ ಇಂಜಿನ್ ಚಾಲೂ ಆಗಲಿಲ್ಲ. ನೆರೆಹೊರೆಯವರು ಕಾರನ್ನು ತಳ್ಳಬೇಕಾಯಿತು. ಮರುದಿನವೇ ಬಲ್ಬ್ ಬದಲಾಯಿತು ಎಂದು ಬೇರೆ ಹೇಳಬೇಕಿಲ್ಲ.

ಕಾರಿನೊಳಗಿನ ತಂತಿ ಬಲ್ಬುಗಳನ್ನು ತೆಗೆದು ಎಲ್‌ಇಡಿ ಬಲ್ಬುಗಳನ್ನು ಹಾಕುವುದು ಇಂದು ಅತ್ಯಂತ ಸಾಮಾನ್ಯವಾದ ಮಾರ್ಪಾಡು. ಒಂದು ಕಿಲೋ ಅಮೀನಗಡದ ಕರದಂಟಿಗೆ ಕೊಡುವ ಹಣದೊಳಗೆ ಒಂದು ಸಣ್ಣ ಕಾರಿನ ಒಳದೀಪಗಳೆಲ್ಲವನ್ನೂ ಬದಲಿಸಬಹುದು. ಅರ್ಧ ಗಂಟೆ ಸಾಕು. ಆದರೆ ಇದೇ ಹೆಸರಿನಲ್ಲಿ ಮತ್ತೊಂದು ಕೆಲಸವೂ ನಡೆಯುತ್ತಿದೆ. ಕಾರಿನ ಮೂಲ ತಂತಿಯನ್ನು ಸುಲಿದು, ಅದಕ್ಕೆ ಬಣ್ಣದ ಪಟ್ಟಿ ದೀಪಗಳನ್ನು ಜೋಡಿಸಿ, ಮೇಲೆ ಟೇಪು ಸುತ್ತುವುದು ಆ ಕೆಲಸ. ಬಲ್ಬನ್ನು ಬದಲಿಸುವುದು ಮನೆಯಲ್ಲಿ ಮಾಡಬಹುದಾದ ಕೆಲಸ; ತಂತಿಗೆ ಕತ್ತರಿ ಹಾಕುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಈ ಎರಡರ ನಡುವಿನ ಗೆರೆಯನ್ನು ಸ್ಪಷ್ಟಪಡಿಸುವುದೇ ಈ ಲೇಖನದ ಉದ್ದೇಶ.

ನಿಜವಾದ ಲಾಭ ಯಾವುದು?

ಎಲ್‌ಇಡಿ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ಹೇಳುವ ಮಾರಾಟಗಾರರಿದ್ದಾರೆ. ದಿನಕ್ಕೆ ಐದಾರು ನಿಮಿಷ ಉರಿಯುವ ದೀಪದಿಂದ ಗಮನಕ್ಕೆ ಬರುವಷ್ಟು ಇಂಧನ ಉಳಿಯದು. ಲಾಭ ಇರುವುದು ಬ್ಯಾಟರಿಯ ಲೆಕ್ಕದಲ್ಲಿ.

ಛಾವಣಿಯ ಸಾಮಾನ್ಯ ಬಲ್ಬ್ 10 ವ್ಯಾಟ್‌ನದು ಎಂದಿಟ್ಟುಕೊಳ್ಳೋಣ. 12 ವೋಲ್ಟ್‌ನಲ್ಲಿ ಅದು ಸುಮಾರು 0.83 ಆಂಪಿಯರ್ ವಿದ್ಯುತ್ ಎಳೆಯುತ್ತದೆ. 12 ಗಂಟೆ ಉರಿದರೆ 10 ಆಂಪಿಯರ್-ಗಂಟೆ ಖರ್ಚು. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿರುವ 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇದು ಕಾಲು ಭಾಗಕ್ಕಿಂತ ಹೆಚ್ಚು. ಮುಂದೊಂದು, ಹಿಂದೊಂದು 10 ವ್ಯಾಟ್‌ನ ದೀಪ ಹಾಗೂ ಡಿಕ್ಕಿಯಲ್ಲಿ 5 ವ್ಯಾಟ್‌ನದೊಂದು ಸೇರಿ 25 ವ್ಯಾಟ್ ಆದರೆ, ಅದೇ 12 ಗಂಟೆಗಳಲ್ಲಿ 25 ಆಂಪಿಯರ್-ಗಂಟೆ ಬರಿದಾಗುತ್ತದೆ. ಮೂರು ವರ್ಷ ಹಳೆಯದಾದ ಬ್ಯಾಟರಿ ಇದರ ನಂತರ ಇಂಜಿನ್ ತಿರುಗಿಸುವ ಸಂಭವ ತೀರ ಕಡಿಮೆ. ತಲಾ 1 ವ್ಯಾಟ್‌ನ ಮೂರು ಎಲ್‌ಇಡಿಗಳಿದ್ದರೆ ಅಷ್ಟೇ ಅವಧಿಗೆ ಖರ್ಚಾಗುವುದು 3 ಆಂಪಿಯರ್-ಗಂಟೆ ಮಾತ್ರ. ಬಾಗಿಲು ಮುಚ್ಚಲು ಮರೆತರೂ ಬೆಳಿಗ್ಗೆ ಗಾಡಿ ಚಾಲೂ ಆಗುತ್ತದೆ. ಕೆಲವು ಹೊಸ ಕಾರುಗಳಲ್ಲಿ ಸ್ವಲ್ಪ ಹೊತ್ತಿನ ಬಳಿಕ ಒಳದೀಪ ತಾನಾಗಿಯೇ ಆರುವ ವ್ಯವಸ್ಥೆ ಇದೆ. ಹಳೆಯ ಕಾರುಗಳ ಮಾಲೀಕರಿಗೆ ಆ ಭಾಗ್ಯವಿಲ್ಲ.

ಎರಡನೆಯದು ಶಾಖ. ತಂತಿ ಬಲ್ಬಿಗೆ ಹರಿಯುವ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತದೆ, ಬೆಳಕಾಗುವುದು ಅತ್ಯಲ್ಪ. ಹೆಚ್ಚು ಹೊತ್ತು ಉರಿದ ಛಾವಣಿ ದೀಪಗಳ ಪ್ಲಾಸ್ಟಿಕ್ ಮುಚ್ಚಳ ಕಂದಾಗಿ, ಕೆಲವೊಮ್ಮೆ ಸೊಟ್ಟಗಾಗಿ ಕಾಣುವುದು ಇದೇ ಕಾರಣಕ್ಕೆ. 5 ವ್ಯಾಟ್‌ನ ತಂತಿ ಬಲ್ಬ್ ಸುಮಾರು 50 ಲುಮೆನ್ ಬೆಳಕು ಕೊಟ್ಟರೆ, 1 ವ್ಯಾಟ್‌ನ ಒಳ್ಳೆಯ ಎಲ್‌ಇಡಿ ಅದಕ್ಕಿಂತ ಹೆಚ್ಚು ಬೆಳಕನ್ನು ಕಡಿಮೆ ಶಾಖದೊಂದಿಗೆ ಕೊಡುತ್ತದೆ.

ಬೆಳಕು ಸೂಸುವ ಡಯೋಡ್ ಹೊಸ ವಸ್ತುವೇನಲ್ಲ. ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ರೂಪಿಸಿದ್ದು 1962ರಲ್ಲಿ. ಬಿಳಿ ಬೆಳಕಿಗೆ ಅಗತ್ಯವಾಗಿದ್ದ ಪ್ರಖರ ನೀಲಿ ಎಲ್‌ಇಡಿ ಕೈಗೂಡಲು 1990ರ ದಶಕದವರೆಗೆ ಕಾಯಬೇಕಾಯಿತು. ಆ ಸಾಧನೆಗಾಗಿ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ದೊರೆಯಿತು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಆರಂಭವಾದ ಬಳಿಕ ಎಲ್‌ಇಡಿ ನಮ್ಮ ಮನೆಮನೆಗಳ ಮಾತಾಯಿತು. ಕಾರಿನ ಛಾವಣಿಗೆ ಏರಿದ್ದು ಅದೇ ನೀಲಿ ಡಯೋಡ್, ಮೇಲೊಂದು ಹಳದಿ ಲೇಪದೊಂದಿಗೆ.

ಮೊದಲು ಮುಚ್ಚಳ ತೊಳೆಯಿರಿ

ಹಣ ಖರ್ಚು ಮಾಡುವ ಮುನ್ನ ಒಂದು ಮಾತು. ಬೆಳಕು ಮಂದವಾಗಿದೆ ಎಂದು ದೂರುವ ಅನೇಕರ ಕಾರಿನಲ್ಲಿ ದೋಷ ಬಲ್ಬಿನದಲ್ಲ, ಮುಚ್ಚಳದ ಒಳಗೆ ಕುಳಿತ ಧೂಳಿನದು. ಎರೆಮಣ್ಣಿನ ಹೊಲಗಳ ನಡುವಿನ ರಸ್ತೆ, ಇಳಕಲ್ ಸುತ್ತಮುತ್ತಲಿನ ಗ್ರಾನೈಟ್ ಕಲ್ಲಿನ ಪುಡಿ, ಇವುಗಳ ಜೊತೆಗೆ ಬಾಗಲಕೋಟೆಯ ಹೋಳಿಯ ಬಣ್ಣ. ಹಲವು ದಿನ ನಡೆಯುವ ಆ ಹಬ್ಬ ಮುಗಿದ ಮೇಲೆ ಊರಿನ ಕಾರುಗಳ ಒಳಗೆ ಎಲ್ಲೆಲ್ಲಿ ಗುಲಾಲು ಸಿಕ್ಕೀತು ಎಂಬುದು ತೊಳೆದವರಿಗೇ ಗೊತ್ತು. ಮುಚ್ಚಳವನ್ನು ಬಿಡಿಸಿ ಸಾಬೂನಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಹಾಕಿ. ಪೆಟ್ರೋಲ್, ಥಿನ್ನರ್ ಮುಟ್ಟಿಸಬಾರದು. ಪ್ಲಾಸ್ಟಿಕ್ ಬಿಳಚಿಕೊಂಡು ಸಣ್ಣ ಬಿರುಕು ಬಿಡುತ್ತದೆ. ಇಷ್ಟರಿಂದಲೇ ತೃಪ್ತಿಯಾದರೆ ಲೇಖನದ ಉಳಿದ ಭಾಗವನ್ನು ಓದದೆ ಬಿಟ್ಟರೂ ನಷ್ಟವಿಲ್ಲ.

ಬಲ್ಬಿನ ಬಗೆ ಮತ್ತು ಅಳತೆ

ಕಾರಿನೊಳಗೆ ಮುಖ್ಯವಾಗಿ ಎರಡು ಬಗೆಯ ಬಲ್ಬುಗಳಿರುತ್ತವೆ. ಮೊದಲನೆಯದು ಎರಡೂ ತುದಿಗೆ ಲೋಹದ ಟೊಪ್ಪಿಗೆಯಿರುವ, ನೋಡಲು ಫ್ಯೂಸ್‌ನಂತೆ ಕಾಣುವ ಉದ್ದನೆಯ ಬಲ್ಬ್. ಇದಕ್ಕೆ ಫೆಸ್ಟೂನ್ ಎಂದು ಹೆಸರು. ಇದರ ಉದ್ದ 31, 36, 39, 41 ಮಿಲಿಮೀಟರ್ ಹೀಗೆ ಬೇರೆ ಬೇರೆ. ಎರಡನೆಯದು ಲೋಹದ ಬುಡವೇ ಇಲ್ಲದ, ಗಾಜಿನ ಚಪ್ಪಟೆ ಬುಡವನ್ನು ಹೋಲ್ಡರಿಗೆ ಒತ್ತಿ ಕೂರಿಸುವ ಬಲ್ಬ್. ಅಂಗಡಿಗಳಲ್ಲಿ ಇದನ್ನು ಟಿ10 ಎನ್ನುತ್ತಾರೆ. ನಕ್ಷೆ ಓದುವ ದೀಪ, ಡಿಕ್ಕಿ ದೀಪಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ಇದರ ತಮ್ಮನಂತಿರುವ ಟಿ5 ಹಳೆಯ ಕಾರುಗಳ ಡ್ಯಾಶ್‌ಬೋರ್ಡ್ ಒಳಗೆ ಕೂತಿರುತ್ತದೆ. ಅದರ ವಿಚಾರ ಮುಂದೆ ಬರುತ್ತದೆ.

ಕಾರಿನ ಹೆಸರು ಹೇಳಿ ಬಲ್ಬ್ ಕೇಳುವುದು ಸರಿಯಾದ ಕ್ರಮವಲ್ಲ. ಒಂದೇ ಹೆಸರಿನ ಕಾರಿನಲ್ಲಿ ತಯಾರಾದ ವರ್ಷಕ್ಕೆ ತಕ್ಕಂತೆ, ದುಬಾರಿ ಮಾದರಿಗೂ ಅಗ್ಗದ ಮಾದರಿಗೂ ಬಲ್ಬ್ ಬದಲಾಗಿರುತ್ತದೆ. ಹಳೆಯ ಬಲ್ಬನ್ನು ತೆಗೆದು, ತುದಿಯಿಂದ ತುದಿಗೆ ಅಳತೆಪಟ್ಟಿಯಿಂದ ಅಳೆದು, ಅದನ್ನೇ ಅಂಗಡಿಗೆ ಒಯ್ಯುವುದು ಉತ್ತಮ. ಟೊಪ್ಪಿಗೆಯ ಮೇಲೆ ವೋಲ್ಟ್ ಮತ್ತು ವ್ಯಾಟ್ ಅಚ್ಚಾಗಿರುತ್ತದೆ, ಗಮನಿಸಿ. 39 ಮಿಲಿಮೀಟರ್ ಜಾಗಕ್ಕೆ 36ರದ್ದನ್ನು ಹಾಕಿ, ಹಿಡಿಕೆಯನ್ನು ಬಾಗಿಸಿ ಹೊಂದಿಸಿದರೆ ಅಂದಿಗೆ ಉರಿಯುತ್ತದೆ. ತಗ್ಗುದಿಣ್ಣೆಯ ಹಳ್ಳಿ ರಸ್ತೆಯಲ್ಲಿ ನಾಲ್ಕು ದಿನ ಓಡಿದ ಮೇಲೆ ಮಿಣುಕಲಾರಂಭಿಸುತ್ತದೆ. ಎಲ್‌ಇಡಿ ಬಲ್ಬಿನ ಹಿಂಬದಿಯಲ್ಲಿ ಶಾಖ ಹೊರಹಾಕುವ ಅಲ್ಯೂಮಿನಿಯಂ ಬೆನ್ನು ಇರುವುದರಿಂದ ಅದು ಹಳೆಯದಕ್ಕಿಂತ ದಪ್ಪವಾಗಿರುತ್ತದೆ. ಮುಚ್ಚಳ ಮುಚ್ಚುವಷ್ಟು ಜಾಗ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ದೊಡ್ಡ ಲಾರಿಗಳ ಚಾಲಕರು ವಿಶೇಷವಾಗಿ ಗಮನಿಸಬೇಕಾದ ವಿಷಯವೊಂದಿದೆ. ಇಳಕಲ್ ಕಡೆಯಿಂದ ಗ್ರಾನೈಟ್ ದಿಮ್ಮಿ ಹೊತ್ತು ಸಾಗುವಂತಹ ಭಾರೀ ಲಾರಿಗಳ ವಿದ್ಯುತ್ ವ್ಯವಸ್ಥೆ 24 ವೋಲ್ಟ್‌ನದು. ಕಾರಿನ 12 ವೋಲ್ಟ್ ಬಲ್ಬನ್ನು ಅಲ್ಲಿ ಹಾಕಿದರೆ ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತದೆ.

ಇತ್ತೀಚಿನ ಕಾರುಗಳಲ್ಲಿ ಕಂಪನಿಯೇ ಎಲ್‌ಇಡಿ ಅಳವಡಿಸಿರುವುದುಂಟು. ಅಲ್ಲಿ ಬಿಡಿ ಬಲ್ಬ್ ಇರುವುದಿಲ್ಲ, ಇಡೀ ದೀಪದ ಘಟಕವನ್ನೇ ಬದಲಿಸಬೇಕಾಗುತ್ತದೆ. ಮಾಲೀಕರ ಕೈಪಿಡಿಯ ಬಲ್ಬುಗಳ ಪುಟವನ್ನು ಒಮ್ಮೆ ನೋಡಿದರೆ ಈ ಸಂಗತಿ ತಿಳಿಯುತ್ತದೆ. ಆ ಪುಸ್ತಕ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಇರುತ್ತದೆ, ಬಹುತೇಕ ತೆರೆಯದ ಸ್ಥಿತಿಯಲ್ಲಿ.

ಕೆಲಸದ ಕ್ರಮ

ಬೇಕಾದ ಸಲಕರಣೆ ಬಹಳ ಕಡಿಮೆ: ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಅಥವಾ ಅವಧಿ ಮುಗಿದ ಎಟಿಎಂ ಕಾರ್ಡ್, ಒಂದು ಒಣ ಬಟ್ಟೆ, ಫ್ಯೂಸ್ ತೆಗೆಯುವ ಪ್ಲಾಸ್ಟಿಕ್ ಚಿಮಟ. ಕಾರ್ಡ್ ಬಳಸುವುದೇ ಲೇಸು, ಛಾವಣಿಯ ಬಟ್ಟೆಗೆ ಗೀರು ಬೀಳುವುದಿಲ್ಲ.

ಇಂಜಿನ್ ನಿಲ್ಲಿಸಿ, ಕೀಲಿ ತೆಗೆದು, ದೀಪ ಉರಿಯುತ್ತಿದ್ದರೆ ಆರಿಸಿ ಹತ್ತು ನಿಮಿಷ ಬಿಡಬೇಕು. ಉರಿದ ಬಲ್ಬ್ ಬೆರಳು ಸುಡುತ್ತದೆ. ಅನಂತರ ಒಳದೀಪದ ಫ್ಯೂಸನ್ನು ತೆಗೆಯಬೇಕು. ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ಆದ್ದರಿಂದ ಇದಕ್ಕೆ ಕಾರಣ ತಿಳಿಸುವುದು ಅಗತ್ಯ. ಅನೇಕ ಕಾರುಗಳಲ್ಲಿ ಛಾವಣಿ ದೀಪದ ಧನ ತುದಿಗೆ ಬ್ಯಾಟರಿಯಿಂದ ಸದಾ ವಿದ್ಯುತ್ ಬಂದಿರುತ್ತದೆ. ಬಾಗಿಲಿನ ಸ್ವಿಚ್ ಇರುವುದು ಋಣ ತುದಿಯ, ಅಂದರೆ ಅರ್ತ್ ಕಡೆಯ ದಾರಿಯಲ್ಲಿ. ದೀಪ ಆರಿದೆ ಎಂದ ಮಾತ್ರಕ್ಕೆ ಹೋಲ್ಡರಿನಲ್ಲಿ ವಿದ್ಯುತ್ ಇಲ್ಲ ಎಂದರ್ಥವಲ್ಲ. ಸ್ಕ್ರೂಡ್ರೈವರಿನ ಒಂದು ಅಂಚು ಆ ಹಿಡಿಕೆಗೂ ಇನ್ನೊಂದು ಅಂಚು ಛಾವಣಿಯ ತಗಡಿಗೂ ತಾಗಿದರೆ ಕಿಡಿ ಹಾರಿ ಫ್ಯೂಸ್ ಹೋಗುತ್ತದೆ. ಕೆಲವು ಕಾರುಗಳಲ್ಲಿ ರೇಡಿಯೊ ಮತ್ತು ಕೇಂದ್ರ ಲಾಕ್‌ಗಳೂ ಅದೇ ಫ್ಯೂಸಿನ ಮೇಲಿರುತ್ತವೆ. ಬಲ್ಬ್ ಹಾಕಲು ಹೋಗಿ ಬಾಗಿಲು ಲಾಕ್ ಆಗದಂತಾಯಿತು ಎಂಬ ಗೊಂದಲದ ಮೂಲ ಇದೇ.

ಫ್ಯೂಸ್ ಡಬ್ಬಿ ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ ಅಥವಾ ಬಾನೆಟ್ ಒಳಗೆ ಇರುತ್ತದೆ. ಅದರ ಮುಚ್ಚಳದ ಹಿಂದೆ ನಕ್ಷೆ ಇರುತ್ತದೆ. ಬ್ಯಾಟರಿಯ ಋಣ ತಂತಿಯನ್ನೇ ಬಿಚ್ಚುವವರೂ ಇದ್ದಾರೆ. ಅದು ಸುರಕ್ಷಿತವೇ, ಆದರೆ ಗಡಿಯಾರ ಮತ್ತು ರೇಡಿಯೊದ ನೆನಪು ಅಳಿಸಿಹೋಗುವುದರಿಂದ ಫ್ಯೂಸ್ ತೆಗೆಯುವ ದಾರಿಯೇ ಅನುಕೂಲಕರ. ಫ್ಯೂಸುಗಳಿಗೆ ಬಣ್ಣದ ಗುರುತಿದೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಹೋದ ಫ್ಯೂಸಿನ ಜಾಗಕ್ಕೆ ಅದೇ ಬಣ್ಣದ್ದನ್ನೇ ಹಾಕಬೇಕು. ಕೆಂಪು ಸಿಗಲಿಲ್ಲವೆಂದು ಹಳದಿ ಹಾಕುವುದು, ಇನ್ನೂ ಕೆಟ್ಟದಾಗಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, ಕಾರಿಗೆ ಬೆಂಕಿ ಇಡುವ ಅತ್ಯಂತ ಅಗ್ಗದ ವಿಧಾನ. ಫ್ಯೂಸ್ ಇರುವುದೇ ತಾನು ಕರಗಿ ತಂತಿಯನ್ನು ಉಳಿಸಲಿಕ್ಕೆ. ಅದು ಕರಗದಿದ್ದರೆ ಕರಗುವುದು ತಂತಿ.

ಇನ್ನು ಮುಚ್ಚಳದ ಅಂಚಿನಲ್ಲಿರುವ ಸಣ್ಣ ಕಚ್ಚಿಗೆ ಕಾರ್ಡ್ ತೂರಿಸಿ ಮೆಲ್ಲಗೆ ಎತ್ತಬೇಕು. ಬಲದಿಂದ ಎಳೆದರೆ ಕೊಂಡಿ ಮುರಿಯುತ್ತದೆ. ಚಳಿಗಾಲದ ಮುಂಜಾವಿಗಿಂತ ಕಾರು ತುಸು ಬೆಚ್ಚಗಿರುವಾಗ ಪ್ಲಾಸ್ಟಿಕ್ ಬಾಗುತ್ತದೆ, ಆಗ ಮಾಡುವುದು ಒಳ್ಳೆಯದು. ಫೆಸ್ಟೂನ್ ಬಲ್ಬನ್ನು ಗಾಜಿನ ನಡುವೆ ಹಿಡಿದು ಎಳೆಯಬಾರದು. ಒಂದು ತುದಿಯ ಟೊಪ್ಪಿಗೆಯನ್ನು ಸ್ಪ್ರಿಂಗ್ ಹಿಡಿಕೆಯ ಕಡೆಗೆ ಒತ್ತಿ ಇನ್ನೊಂದು ತುದಿಯನ್ನು ಬಿಡಿಸಬೇಕು. ಟಿ10 ಬಲ್ಬನ್ನು ನೇರವಾಗಿ ಹೊರಗೆಳೆದರೆ ಸಾಕು, ತಿರುಗಿಸುವ ಅಗತ್ಯವಿಲ್ಲ. ಹಿಡಿಕೆಗಳ ಮೇಲಿನ ಧೂಳನ್ನು ಒಣ ಬಟ್ಟೆಯಿಂದ ಒರೆಸಿ ಎಲ್‌ಇಡಿ ಕೂರಿಸಿ. ಮುಚ್ಚಳ ಹಾಕುವ ಮುನ್ನ ಫ್ಯೂಸ್ ಮರಳಿ ಹಾಕಿ, ಬಾಗಿಲು ತೆರೆದು ಮುಚ್ಚಿ, ಸ್ವಿಚ್ಚಿನ ಮೂರೂ ಸ್ಥಾನಗಳಲ್ಲಿ ಪರೀಕ್ಷಿಸಿಕೊಳ್ಳಬೇಕು.

ಹತ್ತದಿದ್ದರೆ, ಆರದಿದ್ದರೆ

ಹೊಸ ಬಲ್ಬ್ ಹತ್ತಲಿಲ್ಲವೆಂದರೆ ಅದು ಕೆಟ್ಟದ್ದೇ ಆಗಿರಬೇಕೆಂದಿಲ್ಲ. ತಂತಿ ಬಲ್ಬಿಗೆ ಧನ-ಋಣದ ಭೇದವಿಲ್ಲ. ಡಯೋಡ್ ಮಾತ್ರ ಒಂದೇ ದಿಕ್ಕಿನಲ್ಲಿ ವಿದ್ಯುತ್ತನ್ನು ಬಿಡುತ್ತದೆ. ಬಲ್ಬನ್ನು ತೆಗೆದು ತುದಿ ಅದಲು ಬದಲು ಮಾಡಿ ಹಾಕಿದರೆ ಬಹುತೇಕ ಹತ್ತುತ್ತದೆ. ಯಾವ ದಿಕ್ಕಿನಲ್ಲಿ ಹಾಕಿದರೂ ಹತ್ತುವಂತೆ ಒಳಗೆ ವ್ಯವಸ್ಥೆ ಮಾಡಿದ ಬಲ್ಬುಗಳೂ ದೊರೆಯುತ್ತವೆ.

ಇದಕ್ಕೆ ವಿರುದ್ಧವಾದ ಸಮಸ್ಯೆಯೂ ಇದೆ. ಬಾಗಿಲು ಮುಚ್ಚಿದ ಮೇಲೂ ಎಲ್‌ಇಡಿ ಮಿಣುಕು ಹುಳದಂತೆ ಸಣ್ಣಗೆ ಉರಿಯುತ್ತಲೇ ಇರುತ್ತದೆ. ಕಾರಿನ ನಿಯಂತ್ರಣ ಘಟಕದ ಮೂಲಕ ಸದಾ ಹರಿಯುವ ಅತ್ಯಲ್ಪ ವಿದ್ಯುತ್ ಇದಕ್ಕೆ ಕಾರಣ. ಅಷ್ಟು ವಿದ್ಯುತ್ತಿನಿಂದ ತಂತಿ ಬಲ್ಬಿನ ತಂತಿ ಕೆಂಪಾಗಲೂ ಸಾಲದು, ಆದರೆ ಎಲ್‌ಇಡಿಗೆ ಅದೇ ಸಾಕು. ಅಪಾಯವೇನಿಲ್ಲ. ಕಿರಿಕಿರಿ ಎನಿಸಿದರೆ ಸಮಾನಾಂತರವಾಗಿ ರೆಸಿಸ್ಟರ್ ಇರುವ ಬಲ್ಬನ್ನು ಕೊಳ್ಳಬೇಕು. ಅಂಗಡಿಗಳಲ್ಲಿ ಇವು ಕ್ಯಾನ್‌ಬಸ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಬಿಡಿ ರೆಸಿಸ್ಟರ್ ತಂದು ಛಾವಣಿಯ ಬಟ್ಟೆಯ ಹಿಂದೆ ಕಟ್ಟುವುದು ಮಾತ್ರ ಬೇಡ. ಅದು ಕಾಯುತ್ತದೆ, ಮತ್ತು ಪಕ್ಕದಲ್ಲೇ ಬಟ್ಟೆ, ಸ್ಪಂಜು ಇರುತ್ತದೆ.

12 ವೋಲ್ಟ್ ಎಂಬುದು ಹೆಸರಿಗೆ ಮಾತ್ರ

ಹಾಕಿದ ಎರಡೇ ತಿಂಗಳಿಗೆ ಎಲ್‌ಇಡಿ ಸುಟ್ಟಿತು ಎಂಬ ದೂರು ಬಹಳ ಸಾಮಾನ್ಯ. ಜೀವಮಾನವಿಡೀ ಬಾಳಿಕೆ ಎಂದು ಪೊಟ್ಟಣದ ಮೇಲೆ ಬರೆದದ್ದು ಸುಳ್ಳೇ ಎಂದು ಕೇಳುವವರಿಗೆ ಉತ್ತರ ಕಾರಿನ ವೋಲ್ಟೇಜಿನಲ್ಲಿದೆ.

ಕಾರಿನದು 12 ವೋಲ್ಟ್ ವ್ಯವಸ್ಥೆ ಎನ್ನುತ್ತೇವಾದರೂ ಇಂಜಿನ್ ಓಡುತ್ತಿರುವಾಗ ಅದು 13.8ರಿಂದ 14.4 ವೋಲ್ಟ್ ವರೆಗೆ ಇರುತ್ತದೆ. ಅಗ್ಗದ ಎಲ್‌ಇಡಿ ಬಲ್ಬಿನೊಳಗೆ ಮೂರು ಬಿಳಿ ಡಯೋಡುಗಳನ್ನು ಸಾಲಾಗಿ ಜೋಡಿಸಿ, ವಿದ್ಯುತ್ತಿಗೆ ಕಡಿವಾಣವಾಗಿ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ಪ್ರತಿ ಡಯೋಡಿಗೆ ಸುಮಾರು 3.2 ವೋಲ್ಟ್‌ನಂತೆ ಮೂರಕ್ಕೆ 9.6 ವೋಲ್ಟ್ ಹೋದರೆ, 12ರಲ್ಲಿ ರೆಸಿಸ್ಟರ್ ಪಾಲಿಗೆ ಉಳಿಯುವುದು 2.4 ವೋಲ್ಟ್. ಅದೇ 14.4 ವೋಲ್ಟ್ ಆದಾಗ ರೆಸಿಸ್ಟರ್ ಮೇಲೆ ಬೀಳುವುದು 4.8 ವೋಲ್ಟ್. ವೋಲ್ಟೇಜು ಏರಿದ್ದು ಶೇಕಡ 20ರಷ್ಟು, ಆದರೆ ಡಯೋಡಿನ ಮೂಲಕ ಹರಿಯುವ ವಿದ್ಯುತ್ ಹೆಚ್ಚೂಕಡಿಮೆ ಇಮ್ಮಡಿ. ಮೇಜಿನ ಮೇಲೆ 12 ವೋಲ್ಟ್‌ಗೆ ಹೊಂದಿಸಿದ ಬಲ್ಬ್ ರಸ್ತೆಯ ಮೇಲೆ ಬಹುಕಾಲ ಉಳಿಯದಿರುವುದು ಸಹಜ.

ಇದರ ಜೊತೆಗೆ ನಮ್ಮ ಜಿಲ್ಲೆಯ ಬಿಸಿಲು ಸೇರಿಕೊಳ್ಳುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವಾಗ, ಗಾಜು ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅದು 60 ಡಿಗ್ರಿ ದಾಟಬಹುದು. ಎಲ್ಲಕ್ಕಿಂತ ಹೆಚ್ಚು ಕಾಯುವುದು ಛಾವಣಿ, ದೀಪ ಇರುವುದೂ ಅಲ್ಲೇ. ಎಲ್‌ಇಡಿಗೆ ಶಾಖವೇ ಶತ್ರು. ಆದ್ದರಿಂದ ವಿದ್ಯುತ್ತನ್ನು ಸ್ಥಿರವಾಗಿರಿಸುವ ಡ್ರೈವರ್ ಒಳಗೊಂಡ, 9ರಿಂದ 16 ವೋಲ್ಟ್ ಅಥವಾ ಅದಕ್ಕೆ ಸಮೀಪದ ವ್ಯಾಪ್ತಿಯನ್ನು ನಮೂದಿಸಿದ, ಕೈಗೆ ತುಸು ಭಾರವೆನಿಸುವ ಅಲ್ಯೂಮಿನಿಯಂ ಬೆನ್ನಿನ ಬಲ್ಬನ್ನೇ ಕೊಳ್ಳುವುದು ಜಾಣತನ. ನೂರಾರು ಚುಕ್ಕಿಗಳಿರುವ, ಅತಿ ಪ್ರಖರವೆಂದು ಸಾರುವ ಹಗುರ ಬಲ್ಬುಗಳಿಗಿಂತ ನಾಲ್ಕಾರು ಚುಕ್ಕಿಯ ಇಂತಹ ಬಲ್ಬ್ ಹೆಚ್ಚು ಬಾಳುತ್ತದೆ.

ಬಿಳುಪು ಎಷ್ಟಿರಬೇಕು?

ಬಣ್ಣದ ಆಯ್ಕೆಯಲ್ಲಿ ನಮ್ಮವರು ಎಡವುತ್ತಾರೆ ಎಂಬುದು ಈ ವರದಿಗಾರನ ಅಭಿಪ್ರಾಯ. ಅಂಗಡಿಯಲ್ಲಿ ಅತಿ ಬಿಳುಪಾಗಿ, ತುಸು ನೀಲಿಯಾಗಿ ಕಾಣುವ 6,000ದಿಂದ 6,500 ಕೆಲ್ವಿನ್‌ನ ಬಲ್ಬೇ ಎಲ್ಲರನ್ನೂ ಸೆಳೆಯುತ್ತದೆ. ಹಳೆಯ ತಂತಿ ಬಲ್ಬಿನ ಬೆಳಕು 2,700 ಕೆಲ್ವಿನ್ ಆಸುಪಾಸಿನದು. ಇವೆರಡರ ನಡುವಿನ 3,000ದಿಂದ 4,500 ಕೆಲ್ವಿನ್ ಕಾರಿನೊಳಗೆ ಹಿತವಾಗಿರುತ್ತದೆ.

ಬೆಳಕಿನ ಬಣ್ಣಕ್ಕಿಂತಲೂ ಮುಖ್ಯವಾದದ್ದು ಅದು ವಸ್ತುಗಳ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದು. ಇದನ್ನು ಸಿಆರ್‌ಐ ಎಂಬ ಅಂಕಿಯಲ್ಲಿ ಅಳೆಯುತ್ತಾರೆ. ತಂತಿ ಬಲ್ಬಿನದು 100ಕ್ಕೆ ಸಮೀಪ, ಒಳ್ಳೆಯ ಎಲ್‌ಇಡಿಯದು 80ರಿಂದ 90ರ ಮೇಲೆ, ಅಗ್ಗದ್ದು 70ರ ಸುತ್ತಮುತ್ತ. ಇಳಕಲ್‌ನಿಂದ ಸಂಜೆ ಸೀರೆ ಕೊಂಡು ತಂದವರು ಕಾರಿನ ನೀಲಿ ಬಿಳುಪಿನ ದೀಪದಡಿ ಬಿಚ್ಚಿ ನೋಡಿದರೆ, ಸೆರಗಿನ ಕೆಂಪು ಕಂದಿದಂತೆ ಕಂಡು ಮೋಸ ಹೋದೆವೇನೋ ಎಂಬ ಅನುಮಾನ ಹುಟ್ಟುತ್ತದೆ. ಬಡ ದೀಪದಲ್ಲಿ ಗಾಢ ಕೆಂಪು ಎಂದೂ ಸರಿಯಾಗಿ ಕಾಣುವುದಿಲ್ಲ. ನೇಕಾರರ ತಪ್ಪು ಅದರಲ್ಲಿ ಇಲ್ಲ. ಗುಳೇದಗುಡ್ಡದ ಖಣಕ್ಕೂ ಇದೇ ಮಾತು.

ಕಿಟಕಿ ಇಳಿಸಿಕೊಂಡು ಹೊಲದ ಬದಿಯಲ್ಲಿ ನಿಂತವರಿಗೆ ಇನ್ನೊಂದು ಕಾರಣವೂ ಇದೆ. ನೀಲಿ ಅಂಶ ಹೆಚ್ಚಿರುವ ಬೆಳಕಿಗೆ ಹುಳುಗಳು ಹೆಚ್ಚಾಗಿ ಮುತ್ತುತ್ತವೆ.

ಚಾಲಕನ ಕಣ್ಣು

ಒಳದೀಪ ಎಷ್ಟು ಪ್ರಖರವಾಗಿದ್ದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ರಾತ್ರಿ ಹೆದ್ದಾರಿಯಲ್ಲಿ ಅಪಾಯಕಾರಿ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಕ್ಷಣದ ಪ್ರಖರ ಬೆಳಕು ಆ ಹೊಂದಾಣಿಕೆಯನ್ನು ಕೆಡಿಸುತ್ತದೆ. ಕತ್ತಲೆಯಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳು ನೀಲಿ-ಹಸಿರು ಬೆಳಕಿಗೆ ಅತಿ ಸೂಕ್ಷ್ಮವಾಗಿದ್ದು, ಗಾಢ ಕೆಂಪಿಗೆ ಹೆಚ್ಚು ಸ್ಪಂದಿಸುವುದಿಲ್ಲ. ನೀಲಿ ಬಿಳುಪಿನ ದೀಪ ಹೆಚ್ಚು ತೊಂದರೆ ಕೊಡುವುದು ಇದರಿಂದಲೇ. ಜೊತೆಗೆ ಒಳಗಿನ ಬೆಳಕು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ, ಹೊರಗಿನ ದೃಶ್ಯದ ಮೇಲೆ ತೆಳು ಪರದೆ ಎಳೆದಂತಾಗುತ್ತದೆ. ಹುನಗುಂದ-ಇಳಕಲ್ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್ ಎದುರಾದರೆ, ಅದನ್ನು ಅರ್ಧ ಕ್ಷಣ ಮುಂಚೆ ಕಾಣುವುದಕ್ಕೂ ಕಾಣದಿರುವುದಕ್ಕೂ ಇರುವ ವ್ಯತ್ಯಾಸ ಪ್ರಾಣದ್ದು.

ಆದ್ದರಿಂದ ಮುಂಬದಿಯ ದೀಪಕ್ಕೆ ಕಡಿಮೆ ವ್ಯಾಟ್‌ನ ಬೆಚ್ಚನೆಯ ಬಣ್ಣದ ಬಲ್ಬ್, ಹಿಂಬದಿಗೆ ಮತ್ತು ಡಿಕ್ಕಿಗೆ ಹೆಚ್ಚು ಬೆಳಕಿನದು ಎಂಬ ಹಂಚಿಕೆ ಸೂಕ್ತ. ಗಾಡಿ ಓಡುವಾಗ ಮುಂದಿನ ದೀಪ ಆರಿರಬೇಕು. ಹಿಂದೆ ಕೂತವರು ಏನಾದರೂ ಹುಡುಕಬೇಕಿದ್ದರೆ, ಗಾಡಿಯನ್ನು ಬದಿಗೆ ನಿಲ್ಲಿಸುವುದು ಲೇಸು.

ಪಟ್ಟಿ ದೀಪದ ಮೋಹ

ಕಾಲಿನ ಬಳಿ, ಡ್ಯಾಶ್‌ಬೋರ್ಡಿನ ಅಂಚಿನಲ್ಲಿ ಬಣ್ಣಬಣ್ಣದ ಎಲ್‌ಇಡಿ ಪಟ್ಟಿ ಅಂಟಿಸುವುದು ಯುವಕರಿಗೆ ಪ್ರಿಯ. ವಿದ್ಯುತ್ ಉಳಿಸಲು ಎಲ್‌ಇಡಿ ಎಂಬ ಮಾತು ಇಲ್ಲಿ ತಲೆಕೆಳಗಾಗುತ್ತದೆ. ಮೀಟರಿಗೆ 60 ಚುಕ್ಕಿಗಳಿರುವ 5050 ಹೆಸರಿನ ಪಟ್ಟಿ ಪೂರ್ಣ ಬೆಳಕಿನಲ್ಲಿ ಮೀಟರಿಗೆ 14.4 ವ್ಯಾಟ್ ನುಂಗುತ್ತದೆ. ಎರಡು ಮೀಟರ್ ಹಾಕಿದರೆ 28.8 ವ್ಯಾಟ್. ಮೇಲೆ ಲೆಕ್ಕ ಹಾಕಿದ ಮೂರು ಹಳೆಯ ಬಲ್ಬುಗಳಿಗಿಂತ ಹೆಚ್ಚು! ಸಣ್ಣ ಚುಕ್ಕಿಯ 3528 ಪಟ್ಟಿಯಾದರೆ ಮೀಟರಿಗೆ 4.8 ವ್ಯಾಟ್.

ಹಾಕಲೇಬೇಕೆಂದಿದ್ದರೆ ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಅಥವಾ ಯುಎಸ್‌ಬಿ ಕಿಂಡಿಗೆ ಚುಚ್ಚುವ ಸಿದ್ಧ ಪಟ್ಟಿಗಳಿವೆ. ಬೇಡವೆಂದಾಗ ಕಿತ್ತಿಡಬಹುದು, ಕಾರಿನ ಒಂದು ತಂತಿಗೂ ಗಾಯವಾಗುವುದಿಲ್ಲ. ಬಾಗಿಲು ತೆರೆದಾಗ ಹತ್ತುವಂತೆ, ಮುಚ್ಚಿದಾಗ ಆರುವಂತೆ ಆಗಬೇಕೆಂದರೆ ತಂತಿಗೆ ಕೈಹಾಕಬೇಕಾಗುತ್ತದೆ. ಅದು ಅನುಭವಿ ಆಟೊ ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ಅವರಿಂದಲೂ ಪ್ರತ್ಯೇಕ ಫ್ಯೂಸ್ ಹಾಕಿಸಿಕೊಳ್ಳಬೇಕು. ಸುಲಿದ ತಂತಿಯ ಮೇಲಿನ ಟೇಪು ಬಿಸಿಲಿಗೆ ಅಂಟು ಬಿಟ್ಟು ಜಾರುತ್ತದೆ. ಬರಿದಾದ ತಾಮ್ರ ಒಂದು ದಿನ ತಗಡಿಗೆ ತಾಗುತ್ತದೆ.

ಕೈ ಹಾಕಬಾರದ ಜಾಗಗಳು

ಮುಂಗಾಜಿನ ಪಕ್ಕದ ಕಂಬಗಳ ಹೊದಿಕೆ ಮತ್ತು ಛಾವಣಿಯ ಅಂಚುಗಳ ಹಿಂದೆ ಅನೇಕ ಕಾರುಗಳಲ್ಲಿ ಪರದೆ ಏರ್‌ಬ್ಯಾಗ್‌ಗಳಿರುತ್ತವೆ. ಪಟ್ಟಿಯ ತಂತಿಯನ್ನು ಅವುಗಳ ಮುಂದಿನಿಂದ ಎಳೆದರೆ ಅಪಘಾತದ ವೇಳೆ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಡ್ಡಿಯಾಗಬಹುದು. ಹಳದಿ ಹೊದಿಕೆ ಅಥವಾ ಹಳದಿ ಕನೆಕ್ಟರ್ ಕಂಡಲ್ಲಿ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ಅದು ಸಾಮಾನ್ಯವಾಗಿ ಏರ್‌ಬ್ಯಾಗ್ ಜಾಲದ ಗುರುತು. ಟೆಸ್ಟರ್ ಹಚ್ಚಿ ನೋಡುವ ಕುತೂಹಲವೂ ಬೇಡ.

ಹಳೆಯ ಕಾರುಗಳ ಡ್ಯಾಶ್‌ಬೋರ್ಡಿನ ಟಿ5 ಬಲ್ಬುಗಳ ವಿಚಾರದಲ್ಲಿ ಹೆಚ್ಚಿನವರಿಗೆ ತಿಳಿಯದ ಅಂಶವೊಂದಿದೆ. ಬ್ಯಾಟರಿಯ ಚಿತ್ರವಿರುವ ಎಚ್ಚರಿಕೆ ದೀಪ ಹಳೆಯ ಹಲವು ವಾಹನಗಳಲ್ಲಿ ಬರೀ ದೀಪವಲ್ಲ. ಇಂಜಿನ್ ಶುರುವಾದಾಗ ಆಲ್ಟರ್ನೇಟರನ್ನು ಎಚ್ಚರಿಸುವ ಆರಂಭಿಕ ವಿದ್ಯುತ್ ಅದರ ಮೂಲಕವೇ ಹರಿಯುತ್ತದೆ. ಅಲ್ಲಿ ಅತಿ ಕಡಿಮೆ ವಿದ್ಯುತ್ ಬಿಡುವ ಎಲ್‌ಇಡಿ ಹಾಕಿದರೆ ಆಲ್ಟರ್ನೇಟರ್ ವಿದ್ಯುತ್ ಉತ್ಪಾದಿಸಲು ಶುರುಮಾಡದೆ ಹೋಗಬಹುದು, ಬ್ಯಾಟರಿ ದಾರಿಮಧ್ಯೆ ಬರಿದಾಗಬಹುದು. ಉಳಿದ ಎಲ್ಲ ಬಲ್ಬ್ ಬದಲಿಸಿದರೂ ಇದೊಂದನ್ನು ಹಾಗೆಯೇ ಬಿಡಬೇಕು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಒಳಗಿನ ಬಲ್ಬ್ ಬದಲಿಸಿದರೆ ನೋಂದಣಿ ಪತ್ರದ ಯಾವ ವಿವರವೂ ಬದಲಾಗುವುದಿಲ್ಲ. ವಾಹನದ ಮುಂಬದಿಗೆ ಕೆಂಪು ಬೆಳಕು, ಹಿಂಬದಿಗೆ ಕೆಂಪಲ್ಲದ ಬೆಳಕು ತೋರಿಸಬಾರದೆನ್ನುವ 1989ರ ಕೇಂದ್ರ ನಿಯಮಾವಳಿಯ 108ನೇ ನಿಯಮವೂ ವಾಹನದ ಒಳದೀಪಕ್ಕೆ ವಿನಾಯಿತಿ ಕೊಟ್ಟಿದೆ.

ಹಾಗೆಂದು ಗಾಜಿನ ಹಿಂದೆ ಕೆಂಪು-ನೀಲಿ ಮಿಂಚು ದೀಪ ಕೂರಿಸಿ, ಅದು ಒಳದೀಪವೆಂದು ವಾದಿಸಿದರೆ ಪೊಲೀಸರು ಒಪ್ಪುವರೆಂಬ ಭರವಸೆ ಬೇಡ. ಗಣ್ಯರ ವಾಹನಗಳ ಕೆಂಪು ದೀಪವನ್ನೇ 2017ರ ಮೇ 1ರಿಂದ ತೆಗೆಸಲಾಗಿದೆ. ಇದೇ ಎಲ್‌ಇಡಿ ಮೋಹ ಹೆಡ್‌ಲೈಟಿಗೆ ಹಬ್ಬಿದವರ ಮೇಲೆ 2024ರ ಜುಲೈನಲ್ಲಿ ರಾಜ್ಯದಾದ್ಯಂತ ಪೊಲೀಸರು ಪ್ರಕರಣ ದಾಖಲಿಸಿದ್ದು ಓದುಗರಿಗೆ ನೆನಪಿರಬಹುದು. ಕಣ್ಣು ಕುಕ್ಕುವ ಹೆಡ್‌ಲೈಟ್ ಬೇರೆಯವರ ಪ್ರಾಣದ ಪ್ರಶ್ನೆ, ಈ ಲೇಖನದ ವ್ಯಾಪ್ತಿಗೆ ಅದು ಬರುವುದಿಲ್ಲ.

ವಾರಂಟಿ ಇನ್ನೂ ಮುಗಿಯದ ಕಾರಾದರೆ ಕೈಪಿಡಿಯ ವಾರಂಟಿ ಪುಟವನ್ನು ಓದಿಕೊಳ್ಳಬೇಕು. ಸುಲಿದ ತಂತಿ ಕಣ್ಣಿಗೆ ಬಿದ್ದರೆ ವಿದ್ಯುತ್ ವ್ಯವಸ್ಥೆಯ ದುರಸ್ತಿಗೆ ಕಂಪನಿ ನಿರಾಕರಿಸಬಹುದು. ಬೆಂಕಿ ಅನಾಹುತವಾದಾಗ ವಿಮಾ ಕಂಪನಿಯೂ ಅದನ್ನೇ ಎತ್ತಿ ತೋರಿಸಬಹುದು.

ಬಿಚ್ಚಿದ ಹಳೆಯ ಬಲ್ಬುಗಳನ್ನು ಎಸೆಯಬೇಡಿ. ಹತ್ತಿಯಲ್ಲಿ ಸುತ್ತಿ, ಸಣ್ಣ ಡಬ್ಬಿಯೊಂದಕ್ಕೆ ಹಾಕಿ, ಅದೇ ಬಣ್ಣದ ಒಂದು ಫ್ಯೂಸಿನ ಜೊತೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ. ಎಲ್‌ಇಡಿ ಕೈಕೊಟ್ಟ ರಾತ್ರಿ ಅವು ಯಾವ ದಿಕ್ಕಿನಲ್ಲಿ ಹಾಕಿದರೂ ಹತ್ತುತ್ತವೆ.